ದೊಡ್ಡಪ್ಪನ ಏಳು ಹಾಡು

ಡೆಟ್ರಾಯಿಟಿನ ಮೂವರು ಅಣ್ಣತಮ್ಮಂದಿರು 1975ರಲ್ಲಿ ಧ್ವನಿಮುದ್ರಿಸಿದ ಆಲ್ಬಂ ಅಂಗಡಿಗೆ ಬಂದದ್ದು 2009ರಲ್ಲಿ. ಅದು ಮನೆಯಲ್ಲೇ ಇತ್ತು, ಮಕ್ಕಳಿಗೇ ಗೊತ್ತಿರಲಿಲ್ಲ. ಬ್ಯಾಂಡಿನ ಹೆಸರು ‘ಡೆತ್’.

ಭಾವಮೈದುನನ ಬ್ಯಾಂಡಿನದೊಂದು ಹೊಸ ಆಲ್ಬಂ ಬಂದಿದೆ ಎಂದರೆ ಮನೆಮಂದಿ ಮೊದಲು ಕೇಳುವುದು ಹಾಡು ಹೇಗಿದೆ ಎಂದಲ್ಲ, ಅವನೀಗ ಕೆಲಸಕ್ಕೆ ಎಲ್ಲಿ ಹೋಗುತ್ತಿದ್ದಾನೆ ಎಂದು. ಅದರಲ್ಲೂ ಅದು ಗ್ಯಾರೇಜ್ ಪಂಕ್ ಬಾರಿಸುವ ಬ್ಯಾಂಡಾದರೆ ಮುಗಿಯಿತು. ಗಿಟಾರು ಕರ್ಕಶ, ಡ್ರಮ್ಮು ಜೋರು, ಹಾಡುಗಾರ ಹಾಡುತ್ತಿದ್ದಾನೋ ಜಗಳಕ್ಕೆ ನಿಂತಿದ್ದಾನೋ ಹೇಳುವುದು ಕಷ್ಟ. ಸಿ.ಡಿ.ಯನ್ನು ಪ್ರೀತಿಯಿಂದ ಇಸಿದುಕೊಂಡು, ಟಿ.ವಿ. ಪಕ್ಕದ ಕಪಾಟಿನಲ್ಲಿಟ್ಟು, ಮುಂದಿನ ಮದುವೆಯಲ್ಲಿ ಸಿಕ್ಕಾಗ ‘ಚೆನ್ನಾಗಿದೆ ಕಣೋ’ ಎಂದುಬಿಟ್ಟರೆ ನೆಂಟಸ್ತಿಕೆಯ ಬಾಬ್ತು ಸಂದಾಯವಾದಂತೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ವೈದ್ಯಕ್ಕಿಂತ ಸಂಗೀತಕ್ಕೇ ಹೆಚ್ಚು ಒಪ್ಪುತ್ತದೆ.

ಅಮೆರಿಕದ ಹ್ಯಾಕ್ನಿ ಕುಟುಂಬದಲ್ಲಿ ಈ ಗಾದೆ ಮೂವತ್ತು ವರ್ಷಕ್ಕೂ ಮೀರಿ ನಿಜವಾಗಿತ್ತು. 2008ರ ಸುಮಾರಿಗೆ ವರ್ಮಾಂಟ್ ರಾಜ್ಯದ ಈ ಮನೆಯ ಹುಡುಗರಿಗೆ ಒಂದು ವಿಚಿತ್ರ ಸಂಗತಿ ಗೊತ್ತಾಯಿತು. ಹಳೆಯ, ಅಪರೂಪದ ಪಂಕ್ ಹಾಡುಗಳನ್ನು ಹುಡುಕಿ ಹುಡುಕಿ ಹಾಕುವ ಪಾರ್ಟಿಗಳಲ್ಲಿ ಒಂದು ಹಾಡು ಓಡುತ್ತಿತ್ತು. ಹಾಡುತ್ತಿದ್ದ ದನಿ ಅವರ ಅಪ್ಪನದು. ಅಪ್ಪ ಬಾಬಿ ಹ್ಯಾಕ್ನಿ ಊರಿನಲ್ಲಿ ರೆಗೆ ಸಂಗೀತಗಾರನೆಂದು ಹೆಸರು ಮಾಡಿದವನು. ‘ಲ್ಯಾಂಬ್ಸ್‌ಬ್ರೆಡ್’ ಎಂಬ ಬ್ಯಾಂಡು ಕಟ್ಟಿ ಮೊದಲಿನಿಂದಲೂ ಅದನ್ನೇ ನುಡಿಸುತ್ತ ಬಂದಿದ್ದಾನೆಂದೇ ಮಕ್ಕಳು ತಿಳಿದಿದ್ದರು. ಅವರೋ ಪಂಕ್ ಹುಚ್ಚಿನ ಹುಡುಗರು. ತಾವು ತಲೆಯ ಮೇಲೆ ಹೊತ್ತುಕೊಂಡಿದ್ದ ಸಂಗೀತವನ್ನು ತಮ್ಮಪ್ಪನೇ ಅದಕ್ಕೊಂದು ಹೆಸರು ಹುಟ್ಟುವ ಮೊದಲು ಬಾರಿಸಿದ್ದನೆಂದು ತಿಳಿದಾಗ ಅಪ್ಪನಿಗೆ ಫೋನು ಹೋಯಿತು. ಅಪ್ಪ ಅಚ್ಚರಿಪಟ್ಟದ್ದು ಹಾಡು ಸಿಕ್ಕಿದ್ದಕ್ಕಲ್ಲ, ಅದನ್ನು ಯಾರೋ ಕೇಳುತ್ತಿದ್ದಾರೆ ಎನ್ನುವುದಕ್ಕೆ.

ಕಾರು ನಿಲ್ಲಿಸುವ ಕೋಣೆಯಲ್ಲಿ

ಗ್ಯಾರೇಜ್ ಎಂದರೆ ನಮಗೆ ಸ್ಪ್ಯಾನರು, ಗ್ರೀಸು, ಬಿಚ್ಚಿ ಹರಡಿದ ಸ್ಕೂಟರು ನೆನಪಾಗುತ್ತವೆ. ಅಮೆರಿಕದಲ್ಲಿ ಅದು ಮನೆಗೆ ಅಂಟಿಕೊಂಡು ಕಾರು ನಿಲ್ಲಿಸಲು ಕಟ್ಟಿದ ಕೋಣೆ. ಕಾರನ್ನು ಹೊರಗೆ ತಳ್ಳಿದರೆ ನಾಲ್ವರು ಹುಡುಗರು, ಎರಡು ಆಂಪ್ಲಿಫೈಯರು, ಒಂದು ಡ್ರಮ್ ಸೆಟ್ಟು ಹಿಡಿಯುವಷ್ಟು ಜಾಗ. 1960ರ ದಶಕದಲ್ಲಿ, ಬೀಟಲ್ಸ್ ಅಮೆರಿಕಕ್ಕೆ ಬಂದುಹೋದ ಮೇಲೆ, ಊರೂರಿನ ಹುಡುಗರು ಅಲ್ಲಿ ಸೇರಿ ಗಿಟಾರಿನ ಮೂರು ಕಾರ್ಡು ಕಲಿತು ಬ್ಯಾಂಡು ಕಟ್ಟಿದರು. ಮೇಷ್ಟರಿಲ್ಲ, ನೊಟೇಶನ್ ಇಲ್ಲ. ಸ್ಟುಡಿಯೋಗೆ ಹೋದರೂ ಅರ್ಧ ದಿನಕ್ಕಾಗುವಷ್ಟೇ ದುಡ್ಡು.

ಇದಕ್ಕೆಲ್ಲ ಮೂಲಪುರುಷ ಯಾರೆಂದು ಕೇಳಿದರೆ ಬಹಳ ಮಂದಿ ‘ಲೂಯಿ ಲೂಯಿ’ಯ ಕಡೆ ಬೆರಳು ತೋರಿಸುತ್ತಾರೆ. ರಿಚರ್ಡ್ ಬೆರಿ ಬರೆದ ಈ ಹಾಡನ್ನು ಪೋರ್ಟ್‌ಲೆಂಡಿನ ‘ಕಿಂಗ್ಸ್‌ಮೆನ್’ ಹುಡುಗರು 1963ರಲ್ಲಿ ಸುಮಾರು 50 ಡಾಲರ್ ಖರ್ಚಿನಲ್ಲಿ ಧ್ವನಿಮುದ್ರಿಸಿದರು. ಮೈಕು ಎತ್ತರದಲ್ಲಿ ತೂಗುಬಿದ್ದಿತ್ತು, ಹಾಡುಗಾರ ಕತ್ತೆತ್ತಿ ಕೂಗಿದ. ಒಂದು ಪದವೂ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಅದರಲ್ಲಿ ಅಶ್ಲೀಲವಿದೆ ಎಂಬ ಗುಲ್ಲೆದ್ದು, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್.ಬಿ.ಐ. ರೆಕಾರ್ಡನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿ, ಕೊನೆಗೆ ತನಗೂ ಅರ್ಥವಾಗಲಿಲ್ಲವೆಂದು ಕಡತ ಮುಚ್ಚಿತು. ಸರ್ಕಾರಿ ಖರ್ಚಿನಲ್ಲಿ ಇಷ್ಟು ಏಕಾಗ್ರತೆಯಿಂದ ಗ್ಯಾರೇಜ್ ಸಂಗೀತವನ್ನು ಕೇಳಿದ ಬೇರೆ ಉದಾಹರಣೆ ನನಗೆ ಗೊತ್ತಿಲ್ಲ.

ಆ ಕಾಲದಲ್ಲಿ ಯಾರೂ ಇದನ್ನು ‘ಗ್ಯಾರೇಜ್’ ಎಂದು ಕರೆಯುತ್ತಿರಲಿಲ್ಲ. ಪತ್ರಕರ್ತ, ಗಿಟಾರುವಾದಕ ಲೆನಿ ಕೇ ಇಂಥ ಮರೆತುಹೋದ ಹಾಡುಗಳನ್ನು ಹೆಕ್ಕಿ 1972ರಲ್ಲಿ ‘ನಗೆಟ್ಸ್’ ಎಂಬ ಜೋಡಿ ರೆಕಾರ್ಡು ತಂದ. ಪಂಕ್ ಎಂಬ ಮಾತು ಇಂಥ ಸಂಗೀತಕ್ಕೆ ಅಂಟಿಕೊಂಡದ್ದು ಆ ಆಸುಪಾಸಿನ ಬರಹಗಳಿಂದ. ಹೆಸರು ಯಾವಾಗಲೂ ತಡವಾಗಿ ಬರುತ್ತದೆ. ಹ್ಯಾಕ್ನಿ ಅಣ್ಣತಮ್ಮಂದಿರ ವಿಷಯದಲ್ಲಿ ಹೆಸರೇ ಕಂಟಕವಾಯಿತು.

ಪೂರ್ವ ಡೆಟ್ರಾಯಿಟಿನ ಮನೆ

ಡೇವಿಡ್, ಡ್ಯಾನಿಸ್, ಬಾಬಿ. ಡೆಟ್ರಾಯಿಟಿನ ಪೂರ್ವಭಾಗದಲ್ಲಿ ಬೆಳೆದ ಕಪ್ಪು ಕುಟುಂಬದ ಹುಡುಗರು. 1964ರ ಫೆಬ್ರವರಿ 9ರ ರಾತ್ರಿ ಎಡ್ ಸಲಿವನ್ ಶೋದಲ್ಲಿ ಬೀಟಲ್ಸ್ ಕಾಣಿಸಿಕೊಂಡಾಗ ಅಪ್ಪ ಮಕ್ಕಳನ್ನು ಟಿ.ವಿ. ಮುಂದೆ ಕೂರಿಸಿ ನೋಡಿಸಿದ. ಮಾರನೆಯ ದಿನ ಡೇವಿಡ್‌ಗೆ ಓಣಿಯಲ್ಲಿ ಯಾರೋ ಬಿಸಾಕಿದ್ದ ಗಿಟಾರೊಂದು ಸಿಕ್ಕಿತೆಂದು ಮನೆಯವರು ಹೇಳುತ್ತಾರೆ. ಅಣ್ಣ ಹಿಡಿದದ್ದನ್ನು ತಮ್ಮಂದಿರು ಬಿಡುವುದುಂಟೇ? ಡ್ಯಾನಿಸ್ ಡ್ರಮ್ಮಿಗೆ ಕೂತ, ಕಿರಿಯ ಬಾಬಿ ಬಾಸ್ ಗಿಟಾರು ಹಿಡಿದು ಹಾಡತೊಡಗಿದ.

ಆ ಊರನ್ನು ಬಿಟ್ಟು ಈ ಸಂಗೀತ ಅರ್ಥವಾಗುವುದಿಲ್ಲ. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಡೆಟ್ರಾಯಿಟ್ ಇಪ್ಪತ್ತು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತ್ತು. 1967ರ ಜುಲೈನಲ್ಲಿ ಪೊಲೀಸ್ ದಾಳಿಯೊಂದರಿಂದ ಹೊತ್ತಿಕೊಂಡ ಗಲಭೆ ಐದು ದಿನ ಉರಿದು 43 ಜನ ಸತ್ತರು. ಬೀದಿಗೆ ಸೈನ್ಯ ಇಳಿಯಿತು. ಕಪ್ಪು ಸಂಗೀತದ ಹೆಮ್ಮೆಯಾಗಿದ್ದ ಮೋಟೌನ್ ಕಂಪನಿ 1972ರಲ್ಲಿ ಲಾಸ್ ಏಂಜಲೀಸಿಗೆ ಗುಳೆ ಹೊರಟಿತು. ಅದೇ ಊರಿನ ಗ್ರ್ಯಾಂಡ್ ಬಾಲ್‌ರೂಮಿನಲ್ಲಿ ‘ಎಂಸಿ5’ ಎಂಬ ಬಿಳಿ ಹುಡುಗರ ಬ್ಯಾಂಡು ಕಿವಿ ಹರಿದುಹೋಗುವಂತೆ ಬಾರಿಸುತ್ತಿತ್ತು. ಪಕ್ಕದ ಆ್ಯನ್ ಆರ್ಬರಿನಿಂದ ಇಗ್ಗಿ ಪಾಪ್ ಮತ್ತು ಆ್ಯಶ್‌ಟನ್ ಅಣ್ಣತಮ್ಮಂದಿರ ‘ಸ್ಟೂಜಸ್’ ಎದ್ದು ಬಂದಿತ್ತು. ಕಾರ್ಖಾನೆಯ ಊರು, ಸದ್ದು ಅಲ್ಲಿ ಯಾರಿಗೂ ಹೊಸದಲ್ಲ.

ಹ್ಯಾಕ್ನಿ ಹುಡುಗರು 1971ರಲ್ಲಿ ‘ರಾಕ್ ಫೈರ್ ಫಂಕ್ ಎಕ್ಸ್‌ಪ್ರೆಸ್’ ಎಂಬ ಉದ್ದ ಹೆಸರಿಟ್ಟುಕೊಂಡು ಕುಣಿಸುವ ಲಯದ ಫಂಕ್ ಸಂಗೀತ ನುಡಿಸುತ್ತಿದ್ದರು. ಕೇರಿಯವರಿಗೆ ಅದು ಸರಿಯೆನಿಸಿತ್ತು. ಆಮೇಲೆ ‘ದ ಹೂ’ ಮತ್ತು ಆಲಿಸ್ ಕೂಪರ್‌ರ ಕಛೇರಿಗಳನ್ನು ಕಣ್ಣಾರೆ ಕಂಡು ಬಂದ ಹುಡುಗರು ಫಂಕ್ ಬಿಟ್ಟರು. ಮನೆಯ ಕೋಣೆಯೊಂದರಲ್ಲಿ ಅಭ್ಯಾಸ, ಗ್ಯಾರೇಜಿನಲ್ಲಿ ಮೊದಮೊದಲ ಪ್ರದರ್ಶನ. ಚಕ್ ಬೆರಿ, ಲಿಟ್ಲ್ ರಿಚರ್ಡ್ ಅವರಂಥ ಕಪ್ಪು ಕಲಾವಿದರೇ ಹುಟ್ಟುಹಾಕಿದ ರಾಕ್ ಅಷ್ಟರಲ್ಲಿ ಬಿಳಿಯರ ಸೊತ್ತೆಂದು ರೇಡಿಯೋ ಕೇಂದ್ರಗಳು ಪಾಲು ಹಂಚಿಬಿಟ್ಟಿದ್ದವು. ಕಪ್ಪು ಹುಡುಗರು ರಾಕ್ ಬಾರಿಸಿದರೆ ಅವರ ಕೇರಿಯಲ್ಲೂ ಸಲ್ಲದು, ಇವರ ಕೇರಿಯಲ್ಲೂ ಸಲ್ಲದು. ಈ ಪಾಲುಪಟ್ಟಿಯನ್ನು ಒಪ್ಪದಿದ್ದದ್ದು ಡೇವಿಡ್ ಹ್ಯಾಕ್ನಿಯ ಮೊದಲ ಹಟ.

ಒಪ್ಪದವನು

ಎರಡನೆಯ ಹಟ ಹೆಸರಿನದು. 1968ರಲ್ಲಿ ಕುಡಿದು ಕಾರು ಓಡಿಸುತ್ತಿದ್ದವನೊಬ್ಬನಿಂದಾದ ಅಪಘಾತದಲ್ಲಿ ಅಪ್ಪ ತೀರಿಕೊಂಡಿದ್ದ. ಡೇವಿಡ್ ಆ ದುಃಖವನ್ನು ತಿರುಗಿಸಿ ನಿಲ್ಲಿಸಲು ಹೊರಟ. ಸಾವು ಎಲ್ಲರಿಗೂ ಬರುವಂಥದ್ದು, ಹುಟ್ಟಿನಷ್ಟೇ ಸಹಜವಾದದ್ದು. ಅದನ್ನು ಹೆದರದೆ ಹೇಳಬೇಕು. ಹೀಗೆ ಬ್ಯಾಂಡಿಗೆ ‘ಡೆತ್’ ಎಂದು ಹೆಸರಿಟ್ಟ. ಆತ್ಮ, ಮನಸ್ಸು, ದೇಹಗಳಿಗೆ ಒಂದೊಂದು ಮೂಲೆ ಕೊಟ್ಟು ತ್ರಿಕೋನದ ಲಾಂಛನ ಬರೆದ. ಹೆವಿ ಮೆಟಲ್ ಬ್ಯಾಂಡುಗಳು ತಲೆಬುರುಡೆ ಹಾಕಿಕೊಂಡು ಮೆರೆದದ್ದು ಇದಾದ ಎಷ್ಟೋ ವರ್ಷಗಳ ನಂತರ. ಇವನದು ಹೆದರಿಸುವ ಆಟವಲ್ಲ, ಒಂದು ಬಗೆಯ ಶ್ರಾದ್ಧ.

1975ರಲ್ಲಿ ಹುಡುಗರು ಡೆಟ್ರಾಯಿಟಿನ ಯುನೈಟೆಡ್ ಸೌಂಡ್ ಸ್ಟುಡಿಯೋದೊಳಗೆ ಕಾಲಿಟ್ಟರು. ಸಾಮಾನ್ಯ ಜಾಗವಲ್ಲ ಅದು. ಜಾನ್ ಲೀ ಹೂಕರ್ 1948ರಲ್ಲಿ ‘ಬೂಗಿ ಚಿಲನ್’ ಮುದ್ರಿಸಿದ್ದು ಅಲ್ಲೇ. ಸಂಗೀತ ನಿರ್ಮಾಪಕ ಡಾನ್ ಡೇವಿಸ್‌ನ ಗ್ರೂವ್ಸ್‌ವಿಲ್ ಸಂಸ್ಥೆ ಬೆನ್ನಿಗಿತ್ತು, ಜಿಮ್ ವಿಟಿ ಎಂಬ ಎಂಜಿನಿಯರು ಕನ್ಸೋಲಿನ ಮುಂದಿದ್ದ. ಹನ್ನೆರಡು ಹಾಡುಗಳ ಯೋಜನೆ. ಏಳು ಮುಗಿದವು.

ಏಳಕ್ಕೇ ನಿಂತದ್ದು ಏಕೆ ಎನ್ನುವಲ್ಲಿ ಕಥೆಗೆ ಬಣ್ಣ ಬರುತ್ತದೆ. ಕುಟುಂಬದವರು ಹೇಳುವ ಪ್ರಕಾರ, ಕೊಲಂಬಿಯಾ ರೆಕಾರ್ಡ್ಸ್‌ನ ಕ್ಲೈವ್ ಡೇವಿಸ್ ಹಣ ಹಾಕಿದ್ದ, ಹಾಡು ಮೆಚ್ಚಿದ, ಹೆಸರು ಮಾತ್ರ ಬದಲಿಸಿ ಎಂದ. ಡೇವಿಡ್ ಆಗುವುದಿಲ್ಲ ಎಂದ. ಹಣ ನಿಂತಿತು. (ಕ್ಲೈವ್ ಡೇವಿಸ್ 1973ರಲ್ಲೇ ಕೊಲಂಬಿಯಾದಿಂದ ಹೊರಬಿದ್ದು ಮರುವರ್ಷ ಅರಿಸ್ಟಾ ಕಟ್ಟಿದ್ದ ಎನ್ನುವುದನ್ನು ನೋಡಿದರೆ, ಮನೆಯಲ್ಲಿ ಹಲವು ಸಲ ಹೇಳಿದ ಕಥೆಯಲ್ಲಿ ಕಂಪನಿಯ ಹೆಸರೋ ಇಸವಿಯೋ ಸ್ವಲ್ಪ ಜರುಗಿರಬಹುದು. ಎಲ್ಲ ಮನೆಗಳ ಕಥೆಗಳೂ ಹಾಗೆಯೇ.) ತಮ್ಮಂದಿರಿಗೆ ಹೆಸರು ಬದಲಿಸಲು ಅಷ್ಟೇನೂ ಅಭ್ಯಂತರವಿರಲಿಲ್ಲ. ಆದರೆ ಅಣ್ಣ ಬೇಡವೆಂದ ಮೇಲೆ ಬೇಡ. ಬ್ಯಾಂಡಿನ ಸದಸ್ಯರು ಬರೀ ಗೆಳೆಯರಾಗಿದ್ದರೆ ಆ ವಾರವೇ ಒಡೆದು ಮೂರು ದಿಕ್ಕಾಗುತ್ತಿದ್ದರು.

1976ರಲ್ಲಿ ಅವರು ತಮ್ಮದೇ ‘ಟ್ರೈಆ್ಯಂಗಲ್’ ಲೇಬಲ್ಲಿನಲ್ಲಿ ಎರಡು ಹಾಡುಗಳ ಸಿಂಗಲ್ ತಂದರು. ಒಂದು ಮಗ್ಗುಲಲ್ಲಿ ‘ಪಾಲಿಟಿಷಿಯನ್ಸ್ ಇನ್ ಮೈ ಐಸ್’, ಇನ್ನೊಂದರಲ್ಲಿ ‘ಕೀಪ್ ಆನ್ ನಾಕಿಂಗ್’. ಒಟ್ಟು 500 ಪ್ರತಿ. ಅದೇ ವರ್ಷ ಡಾನ್ ಡೇವಿಸ್ ನಿರ್ಮಿಸಿದ, ಜಾನಿ ಟೇಲರ್ ಹಾಡಿದ ‘ಡಿಸ್ಕೋ ಲೇಡಿ’ ಅಮೆರಿಕದ ಮೊತ್ತಮೊದಲ ಪ್ಲಾಟಿನಮ್ ಸಿಂಗಲ್ ಆಯಿತು. ಕಾಲ ಯಾವ ಕಡೆ ಕುಣಿಯುತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅಟ್ಟದ ಮೇಲೆ

1977ರಲ್ಲಿ ಮೂವರೂ ಊರು ಬಿಟ್ಟು ವರ್ಮಾಂಟಿನ ಬರ್ಲಿಂಗ್ಟನ್ ಸೇರಿದರು. ಬೆಟ್ಟ, ಸರೋವರ, ಹಿಮ, ಬಹುಪಾಲು ಬಿಳಿಯರೇ ಇರುವ ಸಣ್ಣ ಊರು. ಅಲ್ಲಿ ‘ದ ಫೋರ್ತ್ ಮೂವ್‌ಮೆಂಟ್’ ಎಂದು ಹೆಸರು ಬದಲಾಯಿತು. 1980 ಮತ್ತು 1982ರಲ್ಲಿ ಭಕ್ತಿಗೀತೆಗಳ ಎರಡು ರಾಕ್ ಆಲ್ಬಂ ಬಂದವು. ಹಣ ಹಾಕುವವರು ಕೇಳಿದಾಗ ಬದಲಾಗದ ಹೆಸರು ದೇವರಿಗಾಗಿ ಬದಲಾಯಿತು ಎನ್ನಬೇಕು. ಊರಿನ ನೆನಪು ಕಾಡಿ ಡೇವಿಡ್ 1982ರಲ್ಲಿ ಡೆಟ್ರಾಯಿಟಿಗೆ ಮರಳಿದ. ತಮ್ಮಂದಿರು ಹೆಂಡತಿ ಮಕ್ಕಳೊಂದಿಗೆ ವರ್ಮಾಂಟಿನಲ್ಲೇ ಉಳಿದರು, ರೆಗೆ ನುಡಿಸಿದರು, ಕೆಲಸಕ್ಕೆ ಹೋದರು, ಮಕ್ಕಳನ್ನು ಸಾಕಿದರು.

ಡೇವಿಡ್ 2000ದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಸಾಯುವ ಮೊದಲು ಮೂಲ ಟೇಪುಗಳನ್ನು ಬಾಬಿಯ ಕೈಗಿತ್ತು, ಒಂದು ದಿನ ಜಗತ್ತು ಇದನ್ನು ಹುಡುಕಿಕೊಂಡು ಬರುತ್ತದೆ, ಆಗ ನಿನ್ನ ಬಳಿ ಇರಬೇಕು ಎಂದಿದ್ದನಂತೆ. ತಮ್ಮ ಅದನ್ನು ಪೂರ್ತಿ ನಂಬಿದ್ದನೆಂದೇನೂ ಅಲ್ಲ. ಅಣ್ಣ ಇಟ್ಟುಕೋ ಎಂದದ್ದನ್ನು ಬಿಸಾಡಲಾಗದೆ ಅಟ್ಟಕ್ಕೇರಿಸಿದ.

ಈ ಕಥೆಯನ್ನು ಹೇಳುವವರೆಲ್ಲ ಡೇವಿಡ್‌ನನ್ನು ಕಾಲಜ್ಞಾನಿಯಂತೆ ಚಿತ್ರಿಸುತ್ತಾರೆ. ನನಗೆ ಬಾಬಿಯೇ ದೊಡ್ಡವನಾಗಿ ಕಾಣುತ್ತಾನೆ. ತನ್ನ ಸಂಗೀತಕ್ಕೆ ಮುಂದೊಂದು ದಿನ ಬೆಲೆ ಬರುತ್ತದೆ ಎಂದು ನಂಬದ ಕಲಾವಿದ ಯಾರಿದ್ದಾನೆ? ಅಂಥ ಭವಿಷ್ಯ ನುಡಿದು ಕಣ್ಮರೆಯಾದವರು ಸಾವಿರಾರು ಮಂದಿ. ಅವರ ಟೇಪುಗಳು ಮನೆ ಬದಲಾಯಿಸುವಾಗ ಗುಜರಿಗೆ ಹೋಗಿರುತ್ತವೆ. ನಂಬಿಕೆಯಿಲ್ಲದೆಯೂ ಕಾಪಾಡಿದ ತಮ್ಮನೊಬ್ಬ ಇದ್ದದ್ದು ಇಲ್ಲಿನ ವಿಶೇಷ. ಸಂಗೀತ ಕಂಪನಿಗಳಿಗೆ ಉಗ್ರಾಣಗಳಿವೆ, ಸರ್ಕಾರಗಳಿಗೆ ಪತ್ರಾಗಾರಗಳಿವೆ. ಈ ಏಳು ಹಾಡು ಉಳಿದದ್ದು ಮನೆಯ ದಾಕ್ಷಿಣ್ಯದಿಂದ.

ಅತ್ತ ಆ 500 ಪ್ರತಿಗಳಲ್ಲಿ ಉಳಿದ ಕೆಲವು ಸಂಗ್ರಾಹಕರ ಕೈಯಿಂದ ಕೈಗೆ ದಾಟುತ್ತ ನೂರಾರು ಡಾಲರ್ ಬೆಲೆ ಗಿಟ್ಟಿಸುತ್ತಿದ್ದವು. ಮನೆಯೊಳಗೆ ಮರೆತದ್ದನ್ನು ಮನೆಯ ಹೊರಗಿನವರು ಬೆಲೆಕಟ್ಟಿ ಕೊಳ್ಳುತ್ತಿದ್ದರು. ಬಾಬಿಯ ಮಕ್ಕಳ ಕಿವಿಗೆ ಹಾಡು ಬಿದ್ದದ್ದು ಈ ದಾರಿಯಿಂದ. ಚಿಕಾಗೋದ ಡ್ರ್ಯಾಗ್ ಸಿಟಿ ಎಂಬ ಸ್ವತಂತ್ರ ರೆಕಾರ್ಡ್ ಕಂಪನಿ 2009ರ ಫೆಬ್ರವರಿಯಲ್ಲಿ ಏಳೂ ಹಾಡುಗಳನ್ನು ‘ಫಾರ್ ದ ಹೋಲ್ ವರ್ಲ್ಡ್ ಟು ಸೀ’ ಎಂಬ ಹೆಸರಿನಲ್ಲಿ ಹೊರತಂದಿತು. ಮರುತಿಂಗಳು ನ್ಯೂಯಾರ್ಕ್ ಟೈಮ್ಸ್ ದೊಡ್ಡ ಲೇಖನ ಬರೆಯಿತು. 2012ರಲ್ಲಿ ಮಾರ್ಕ್ ಕೊವಿನೋ, ಜೆಫ್ ಹೌಲೆಟ್ ಸೇರಿ ‘ಎ ಬ್ಯಾಂಡ್ ಕಾಲ್ಡ್ ಡೆತ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಹ್ಯಾಕ್ನಿ ಅಣ್ಣತಮ್ಮಂದಿರು ಹುಡುಗರಾಗಿದ್ದಾಗ ಕಛೇರಿಗೆ ಹೋಗಿ ನೋಡಿದ್ದ ಆಲಿಸ್ ಕೂಪರ್ ಆ ಚಿತ್ರದಲ್ಲಿ ಇವರ ಬಗ್ಗೆ ಮಾತಾಡುತ್ತಾನೆ.

ಹಾಡು ಹೇಗಿದೆ?

ಕಥೆ ಇಷ್ಟು ಚೆನ್ನಾಗಿದ್ದರೆ ಹಾಡಿಗೆ ಅಪಾಯ. ಕೇಳುವವರು ಕರುಣೆಯಿಂದ ಕೇಳತೊಡಗುತ್ತಾರೆ. ಆದ್ದರಿಂದ ಕಥೆಯನ್ನು ಆಚೆಗಿಟ್ಟು ಆಲ್ಬಂ ಕೇಳಬೇಕು. ಇಡೀ ಆಲ್ಬಂ ಅರ್ಧ ಗಂಟೆಯೂ ಇಲ್ಲ, ಸುಮಾರು 26 ನಿಮಿಷ.

‘ಪಾಲಿಟಿಷಿಯನ್ಸ್ ಇನ್ ಮೈ ಐಸ್’ ಹೆಚ್ಚು ಕಡಿಮೆ ಆರು ನಿಮಿಷದ್ದು. ವಿಯೆಟ್ನಾಂ ಯುದ್ಧಕ್ಕೆ ಕೇರಿಯ ಹುಡುಗರು ಹೋಗುತ್ತಿದ್ದುದನ್ನು ನೋಡಿ ಹುಟ್ಟಿದ ಸಿಟ್ಟು ಇದರಲ್ಲಿದೆ. ಗಿಟಾರು ತುಂಡು ತುಂಡಾಗಿ ಕತ್ತರಿಸುತ್ತ ಓಡುತ್ತದೆ. ನಡುವೆ ಹಾಡು ಥಟ್ಟನೆ ತಡೆದು ನಿಂತು, ಉಸಿರು ತೆಗೆದುಕೊಂಡು, ಮತ್ತೆ ಬಿರುಸಾಗುತ್ತದೆ. ಆ ತಡೆ ಫಂಕ್ ಬಲ್ಲವರಿಗಷ್ಟೇ ಸಾಧ್ಯ. ಮುಂದೆ ಬಂದ ಪಂಕ್ ಬ್ಯಾಂಡುಗಳಲ್ಲಿ ವೇಗವಿತ್ತು, ಈ ಲಯದ ಹಿಡಿತ ಅಪರೂಪ. ಡ್ಯಾನಿಸ್‌ನ ಡ್ರಮ್ಮು ಕೇಳಿದರೆ ತಿಳಿಯುತ್ತದೆ: ಕೈ ಓಡುತ್ತಿದ್ದರೂ ಕಾಲು ಕೂತ ಜಾಗದಿಂದ ಕದಲುವುದಿಲ್ಲ.

‘ಫ್ರೀಕಿನ್ ಔಟ್’ ಮೂರು ನಿಮಿಷದೊಳಗೆ ಮುಗಿಯುವ ಹಾಡು, ಆಲ್ಬಮ್ಮಿನ ಅತಿ ವೇಗದ್ದು. ಇದನ್ನು ಯಾವ ಇಸವಿಯೆಂದು ಹೇಳದೆ ಕೇಳಿಸಿದರೆ 1980ರ ದಶಕದ್ದೆಂದು ಯಾರಾದರೂ ಬಾಜಿ ಕಟ್ಟುತ್ತಾರೆ. ‘ಲೆಟ್ ದ ವರ್ಲ್ಡ್ ಟರ್ನ್’ ಇದಕ್ಕೆ ವಿರುದ್ಧ. ಮಂಪರಿನಲ್ಲಿ ತೇಲುವಂತೆ ಶುರುವಾಗಿ, ಸ್ಫೋಟಿಸಿ, ಒಂದು ಡ್ರಮ್ ತನಿಯನ್ನೂ ತುರುಕಿಕೊಂಡು ಮತ್ತೆ ತೇಲತೊಡಗುತ್ತದೆ. ನಿಷ್ಠಾವಂತ ಪಂಕ್‌ಗಳಿಗೆ ಡ್ರಮ್ ತನಿ ಎಂದರೆ ಅಪಚಾರ. ಅಲ್ಲಿಗೆ ‘ಪಂಕಿಗೆ ಮೊದಲ ಪಂಕ್’ ಎಂಬ ಹಣೆಪಟ್ಟಿ ಸಡಿಲವಾಗುತ್ತದೆ. ಆ ಹಣೆಪಟ್ಟಿಯೇ ನನಗೆ ಅಷ್ಟು ಸೇರದು. ಡೇವಿಡ್ ಹೊಸದೊಂದು ಪಂಥ ಹುಟ್ಟುಹಾಕಲು ಕೂತಿರಲಿಲ್ಲ. ‘ದ ಹೂ’ ಬ್ಯಾಂಡಿನ ಪೀಟ್ ಟೌನ್‌ಸೆಂಡ್‌ನಂತೆ ಕಾರ್ಡು, ಜಿಮಿ ಹೆಂಡ್ರಿಕ್ಸ್‌ನಂತೆ ಲೀಡ್ ಬಾರಿಸಬೇಕೆಂದು ಆಸೆಪಟ್ಟ ಡೆಟ್ರಾಯಿಟಿನ ಹುಡುಗ ಅವನು. ಅವನಿಗಿಂತ ಮೊದಲು ಎಂಸಿ5 ಇತ್ತು, ಸ್ಟೂಜಸ್ ಇತ್ತು, ಅವೆರಡನ್ನೂ ಬಿಟ್ಟು ಡೆತ್‌ಗೆ ಮೊದಲ ಮಣೆ ಹಾಕುವುದು ಪತ್ರಿಕೆಗಳ ಉತ್ಸಾಹ. ಪಂಕ್ ಬ್ಯಾಂಡು ರಾಮೋನ್ಸ್ 1976ರ ಏಪ್ರಿಲಿನಲ್ಲಿ ತಮ್ಮ ಮೊದಲ ಆಲ್ಬಂ ತಂದದ್ದಕ್ಕೆ ಒಂದು ವರ್ಷ ಮೊದಲು ಇವರು ಸ್ಟುಡಿಯೋದಲ್ಲಿದ್ದರು ಎನ್ನುವುದು ದಾಖಲೆಯ ಮಾತು, ಅಷ್ಟು ಸಾಕು.

ರಾಮೋನ್ಸ್ ಎಂದಾಗ ಒಂದು ತಮಾಷೆ. ಆ ಬ್ಯಾಂಡಿನ ನಾಲ್ವರೂ ತಮ್ಮ ಹೆಸರಿನ ಕೊನೆಗೆ ರಾಮೋನ್ ಎಂದು ಹಚ್ಚಿಕೊಂಡು ಒಂದೇ ಮನೆಯವರಂತೆ ಮೆರೆದರು. ಅವರಲ್ಲಿ ಯಾರಿಗೂ ಯಾರೂ ನೆಂಟರಲ್ಲ. ನಿಜವಾದ ಅಣ್ಣತಮ್ಮಂದಿರ ಪಂಕ್ ಬ್ಯಾಂಡಿಗೆ ಆಗ ಊರಿನ ರೇಡಿಯೋದಲ್ಲೂ ಜಾಗವಿರಲಿಲ್ಲ.

ಬೇರೆ ಮನೆಗಳು

ಮನೆತನ ಎಲ್ಲ ಸಲವೂ ಕಾಪಾಡುತ್ತದೆ ಎಂದಲ್ಲ. ನ್ಯೂ ಹ್ಯಾಂಪ್‌ಶೈರಿನ ಫ್ರೀಮಾಂಟ್ ಎಂಬ ಹಳ್ಳಿಯ ‘ಶ್ಯಾಗ್ಸ್’ ಕಥೆ ಕೇಳಿ. ಆಸ್ಟಿನ್ ವಿಗಿನ್ ಎಂಬ ಗೃಹಸ್ಥನಿಗೆ ಅವನ ತಾಯಿ ಕೈ ನೋಡಿ ಮೂರು ಭವಿಷ್ಯ ಹೇಳಿದ್ದಳು. ಎರಡು ನಿಜವಾದವು. ಮೂರನೆಯದು ಅವನ ಹೆಣ್ಣುಮಕ್ಕಳು ಹೆಸರಾಂತ ಬ್ಯಾಂಡು ಕಟ್ಟುತ್ತಾರೆ ಎನ್ನುವುದು. ಅಪ್ಪ ಹುಡುಗಿಯರನ್ನು ಶಾಲೆ ಬಿಡಿಸಿ ವಾದ್ಯ ಕೊಡಿಸಿ ಅಭ್ಯಾಸಕ್ಕೆ ಕೂರಿಸಿದ. ಅವರಿಗೆ ಶ್ರುತಿಯೂ ಕೂಡಿರಲಿಲ್ಲ, ತಾಳವೂ ಹೊಂದಿರಲಿಲ್ಲ. 1969ರಲ್ಲಿ ‘ಫಿಲಾಸಫಿ ಆಫ್ ದ ವರ್ಲ್ಡ್’ ಮುದ್ರಣವಾಯಿತು. ಅಚ್ಚಾದ ಸಾವಿರ ಪ್ರತಿಗಳಲ್ಲಿ ಒಂಬೈನೂರು ಮಾಯವಾದವು ಎನ್ನುತ್ತಾರೆ. 1975ರಲ್ಲಿ, ಹ್ಯಾಕ್ನಿಗಳು ಸ್ಟುಡಿಯೋ ಹೊಕ್ಕ ಅದೇ ವರ್ಷ, ಅಪ್ಪ ತೀರಿಕೊಂಡ. ಹುಡುಗಿಯರು ವಾದ್ಯ ಕೆಳಗಿಟ್ಟರು. 1980ರಲ್ಲಿ ಮರುಮುದ್ರಣವಾದಾಗ ಜಗತ್ತು ಅದನ್ನು ಅಪೂರ್ವವೆಂದು ಕೊಂಡಾಡಿತು. ಸಂಗೀತವೇನೋ ನಿಜಕ್ಕೂ ಬೇರೆಲ್ಲೂ ಸಿಗದಂಥದ್ದು. ಆದರೆ ಅಲ್ಲಿ ಹಟ ಅಪ್ಪನದು, ಬೆವರು ಮಕ್ಕಳದು. ಕೇಳುವಾಗ ಅದು ಮರೆಯುವುದಿಲ್ಲ.

ವಾಷಿಂಗ್ಟನ್ ರಾಜ್ಯದ ಟಕೋಮಾದ ‘ಸಾನಿಕ್ಸ್’ ಇನ್ನೊಂದು ಬಗೆ. ಪರೀಪಾ ಅಣ್ಣತಮ್ಮಂದಿರು ಗಿಟಾರು, ಬಾಸ್ ಹಿಡಿದಿದ್ದ ಈ ಬ್ಯಾಂಡು 1965ರಲ್ಲೇ ಸ್ಪೀಕರು ಹರಿದುಹೋದಂಥ ಸದ್ದನ್ನು ಬೇಕೆಂದೇ ರೆಕಾರ್ಡಿಗೆ ಇಳಿಸಿತ್ತು. ವಾಷಿಂಗ್ಟನ್ ನಗರದ ‘ಬ್ಯಾಡ್ ಬ್ರೇನ್ಸ್’ ಮತ್ತೊಂದು: ಹಾಡುಗಾರ ಎಚ್.ಆರ್. ಮತ್ತು ಡ್ರಮ್ಮಿನ ಅರ್ಲ್ ಹಡ್ಸನ್ ಅಣ್ಣತಮ್ಮಂದಿರೇ. ಕಪ್ಪು ಹುಡುಗರ ಪಂಕ್ ಎಂದರೆ ಇವರಿಂದಲೇ ಶುರು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಡೆತ್‌ನ ಟೇಪು ವರ್ಮಾಂಟಿನ ಅಟ್ಟದಲ್ಲಿತ್ತು. ಅವರೂ ಪಂಕಿನ ಜೊತೆ ರೆಗೆ ನುಡಿಸಿದವರು. ಒಬ್ಬರ ಸುದ್ದಿ ಒಬ್ಬರಿಗಿಲ್ಲದೆ ಎರಡು ಮನೆಗಳು ಒಂದೇ ದಾರಿಯಲ್ಲಿ ನಡೆದದ್ದು ಹೀಗೆ.

ಮಕ್ಕಳ ಸರದಿ

ಬಾಬಿಯ ಮಕ್ಕಳಾದ ಬಾಬಿ ಜೂನಿಯರ್, ಜೂಲಿಯನ್, ಯೂರಿಯನ್ ಸುಮ್ಮನೆ ಹೆಮ್ಮೆಪಟ್ಟು ಕೂರಲಿಲ್ಲ. 2008ರಲ್ಲಿ ‘ರಫ್ ಫ್ರಾನ್ಸಿಸ್’ ಎಂಬ ಬ್ಯಾಂಡು ಕಟ್ಟಿ ದೊಡ್ಡಪ್ಪನ ಹಾಡುಗಳನ್ನು ವೇದಿಕೆಗೆ ತಂದರು. ರಫ್ ಫ್ರಾನ್ಸಿಸ್ ಎನ್ನುವುದು ಡೇವಿಡ್ ಕೊನೆಗಾಲದಲ್ಲಿ ತನ್ನ ಸಂಗೀತಕ್ಕೆ ಇಟ್ಟುಕೊಂಡಿದ್ದ ಇನ್ನೊಂದು ಹೆಸರು. ಮೊದಮೊದಲು ಅವರದು ಕಾಣಿಕೆ ಸಲ್ಲಿಸುವ ಬ್ಯಾಂಡು. ಬಲುಬೇಗ ಸ್ವಂತ ಹಾಡು ಬರೆದು ಸ್ವಂತ ಆಲ್ಬಂ ತಂದರು. ಮನೆಯಲ್ಲಿ ಕಲಿತ ವಿದ್ಯೆ ನಮ್ಮ ಕಡೆ ಮೇಲಿನಿಂದ ಕೆಳಗೆ ಹರಿಯುತ್ತದೆ, ತಂದೆ ಪಾಠ ಹೇಳುತ್ತಾನೆ, ಮಗ ಒಪ್ಪಿಸುತ್ತಾನೆ. ಹ್ಯಾಕ್ನಿಗಳಲ್ಲಿ ಮಕ್ಕಳು ಬಾರಿಸಿ ತೋರಿಸಿದ ಮೇಲೆ ಅಪ್ಪಂದಿರಿಗೆ ತಮ್ಮ ಹಾಡು ಮತ್ತೆ ಕೈಗೆ ಬಂತು.

2009ರ ಸೆಪ್ಟೆಂಬರಿನಲ್ಲಿ ಡೆತ್ ಮತ್ತೆ ವೇದಿಕೆ ಹತ್ತಿತು. ಡೇವಿಡ್‌ನ ಜಾಗದಲ್ಲಿ ಲ್ಯಾಂಬ್ಸ್‌ಬ್ರೆಡ್‌ನ ಗಿಟಾರುವಾದಕ ಬಾಬಿ ಡಂಕನ್ ನಿಂತ. 2011ರಲ್ಲಿ ಇನ್ನಷ್ಟು ಹಳೆಯ ಮನೆಮುದ್ರಣಗಳು ‘ಸ್ಪಿರಿಚುವಲ್ ಮೆಂಟಲ್ ಫಿಸಿಕಲ್’ ಆಗಿ ಬಂದವು, 2014ರಲ್ಲಿ ‘ಡೆತ್ 3’. 2015ರ ಏಪ್ರಿಲಿನಲ್ಲಿ, ಯುನೈಟೆಡ್ ಸೌಂಡ್ ಸ್ಟುಡಿಯೋದ ದಿನಗಳಿಗೆ ನಲವತ್ತು ವರ್ಷ ತುಂಬುವಾಗ, ನಿಜವಾಗಿಯೂ ಹೊಸದೊಂದು ಆಲ್ಬಂ ಹೊರಬಿತ್ತು. ಹೆಸರೂ ‘ಎನ್.ಇ.ಡಬ್ಲ್ಯು.’, ಅಂದರೆ ‘ನ್ಯೂ’ ಎಂದೇ. ಅದೇ ವಸಂತದಲ್ಲಿ ಸಾನಿಕ್ಸ್ ಮುದುಕರೂ ‘ದಿಸ್ ಈಸ್ ದ ಸಾನಿಕ್ಸ್’ ಎಂಬ ಹೊಸ ಆಲ್ಬಮ್ಮನ್ನು, ಹಳೆಯ ಪದ್ಧತಿಯಂತೆ ಮೋನೋದಲ್ಲಿ ಮುದ್ರಿಸಿ ತಂದರು.

ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಸಾನಿಕ್ಸ್ ಗೆಲ್ಲುತ್ತದೆ. ಅವರಿಗೆ ತಾವು ಏನಾಗಿದ್ದೆವೆಂದು ಚೆನ್ನಾಗಿ ಗೊತ್ತಿತ್ತು, ಅದನ್ನೇ ಮತ್ತೆ ಮಾಡಿದರು. ‘ಎನ್.ಇ.ಡಬ್ಲ್ಯು.’ನಲ್ಲಿ ‘ರಿಲೀಫ್’ ಥರದ ಗಟ್ಟಿ ಹಾಡಿದೆ, ಬಾಬಿಯ ದನಿ ಮಾಗಿದೆ, ಲಯದ ಹಿಡಿತ ಕೆಟ್ಟಿಲ್ಲ. ಆದರೆ ಡಂಕನ್ ಎಷ್ಟೇ ಅಚ್ಚುಕಟ್ಟಾಗಿ ನುಡಿಸಿದರೂ ಅದು ಡೇವಿಡ್‌ನ ಗಿಟಾರಲ್ಲ. ಆ ಗಿಟಾರಿನಲ್ಲಿ ಮುಂದಿನ ಕಾರ್ಡಿಗೆ ಕಾಯಲಾರದ ಅವಸರವಿತ್ತು, ಇದರಲ್ಲಿ ನೆಮ್ಮದಿಯಿದೆ. ಪಂಕಿಗೆ ನೆಮ್ಮದಿ ಅಷ್ಟಾಗಿ ಒಗ್ಗುವುದಿಲ್ಲ. ಆ ಅವಸರ ಬೇಕೆಂದರೆ ಹುಡುಗರ ರಫ್ ಫ್ರಾನ್ಸಿಸ್ ಕಡೆಗೇ ಹೋಗಬೇಕು.

ನಮ್ಮ ಅಟ್ಟಗಳು

ಇದು ಅಮೆರಿಕದ ಕಥೆ, ನಮಗೇನು ಎನ್ನಬೇಡಿ. 1970 ಮತ್ತು 71ರಲ್ಲಿ ಸಿಗರೇಟ್ ಕಂಪನಿಯೊಂದರ ಪ್ರಾಯೋಜಕತ್ವದಲ್ಲಿ ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಗೆ ಭಾರತದ ನಾನಾ ಊರುಗಳ ರಾಕ್ ಬ್ಯಾಂಡುಗಳು ಬಂದಿದ್ದವು. ಅವುಗಳಿಂದ ಆಯ್ದ ಹಾಡುಗಳ ಎರಡು ಎಲ್.ಪಿ. ಬಂದವು. ಇಲ್ಲಿ ಅವನ್ನು ಮರೆತು ಎಷ್ಟೋ ಕಾಲವಾದ ಮೇಲೆ ವಿದೇಶದ ಗ್ಯಾರೇಜ್ ಸಂಗ್ರಾಹಕರು ಹುಡುಕಿ ಮರುಮುದ್ರಿಸಿದರು. ಗಣೇಶನ ಪೆಂಡಾಲುಗಳಲ್ಲಿ ರಾತ್ರಿಯಿಡೀ ಹಾಡಿದ ಆರ್ಕೆಸ್ಟ್ರಾಗಳು, ಕಾಲೇಜು ಹಬ್ಬದ ಬ್ಯಾಂಡುಗಳು, ರಂಗಗೀತೆಯ ತಂಡಗಳು ತುಂಬಿಟ್ಟ ಕ್ಯಾಸೆಟ್ಟು, ಸ್ಪೂಲುಗಳು ಎಷ್ಟು ಮನೆಗಳ ಅಟ್ಟದಲ್ಲಿವೆಯೋ ಲೆಕ್ಕ ಇಟ್ಟವರಿಲ್ಲ.

ಟೇಪು ಪುಸ್ತಕದಷ್ಟು ತಾಳಿಕೆಯದಲ್ಲ. ಪ್ಲಾಸ್ಟಿಕ್ ಪಟ್ಟಿಗೆ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಜಿಗುಟಾಗುತ್ತದೆ. 1970ರ ದಶಕದ ಹಲವು ಸ್ಟುಡಿಯೋ ಟೇಪುಗಳಿಗೆ ಈ ರೋಗ ಜಾಸ್ತಿ. ಹಾಗೆಯೇ ಯಂತ್ರಕ್ಕೆ ಹಾಕಿ ಓಡಿಸಿದರೆ ಪುಡಿ ಕಿತ್ತುಕೊಂಡು ಹಾಡಿನ ಸಮೇತ ಹೋಗುತ್ತದೆ. ತಿಳಿದವರು ಅಂಥ ಟೇಪನ್ನು ಹದವಾದ ಕಾವಿನಲ್ಲಿ ಗಂಟೆಗಟ್ಟಲೆ ಒಣಗಿಸಿ, ಆಮೇಲೆ ಒಂದೇ ಸಲ ಓಡಿಸಿ, ಡಿಜಿಟಲ್‌ಗೆ ಇಳಿಸಿಕೊಳ್ಳುತ್ತಾರೆ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಟೇಪುಗಳಿಗೆ ಬೂಷ್ಟಿನ ಕಾಟ ಬೇರೆ. ಮನೆಯಲ್ಲಿ ಮಾವನದೋ ಚಿಕ್ಕಮ್ಮನದೋ ಹಾಡಿನ ಸುರುಳಿ ಇದ್ದರೆ ಕುತೂಹಲಕ್ಕೆಂದು ಹಳೆಯ ಪ್ಲೇಯರಿಗೆ ತುರುಕಬೇಡಿ. ಡಬ್ಬಿಯ ಮೇಲೆ ಹಾಡಿದವರ ಹೆಸರು, ಊರು, ಇಸವಿ ಬರೆದು, ಒಣಗಿದ ಜಾಗದಲ್ಲಿಟ್ಟು, ಬಲ್ಲವರ ಕೈಗೆ ಕೊಡಿ. ಹಾಡಿದವರು ಬದುಕಿದ್ದರೆ ಆ ವಿವರಗಳನ್ನು ಈ ವಾರವೇ ಕೇಳಿ ಬರೆದುಕೊಳ್ಳಿ.

ಡೆತ್ ಕೇಳಲು ಹೊರಟವರಿಗೆ ಒಂದು ಸಲಹೆ. ಸಾಕ್ಷ್ಯಚಿತ್ರವನ್ನು ಮೊದಲು ನೋಡಬೇಡಿ, ಕಣ್ಣು ಒದ್ದೆಯಾದ ಮೇಲೆ ಕಿವಿ ಕೆಲಸ ಮಾಡುವುದಿಲ್ಲ. 2009ರ ಆಲ್ಬಮ್ಮಿನಿಂದ ಶುರು ಮಾಡಿ. ಒಳ್ಳೆಯ ಸ್ಪೀಕರಿನಲ್ಲಿ, ಅಕ್ಕಪಕ್ಕದವರು ಎದ್ದಿರುವ ಹೊತ್ತಿನಲ್ಲಿ, ಏಳೂ ಹಾಡನ್ನು ಒಂದೇ ಬೈಠಕ್ಕಿನಲ್ಲಿ ಕೇಳಿ. ಆಮೇಲೆ ರಫ್ ಫ್ರಾನ್ಸಿಸ್. ಹಿಡಿಸಿದರೆ ಸಾಕ್ಷ್ಯಚಿತ್ರ. ‘ಎನ್.ಇ.ಡಬ್ಲ್ಯು.’ ಕೊನೆಗಿರಲಿ.